ಐಕ್ಲರ್ ಮನೆಗೆ ಕೈ ಹಾಕುವ ಮುನ್ನ: ಯಾವುದು ಉಳಿಯಲಿ, ಯಾವುದು ಬದಲಾಗಲಿ

ಕ್ಯಾಲಿಫೋರ್ನಿಯಾದ ಬೇ ಏರಿಯಾದ ಸನ್ನಿವೇಲ್, ಕ್ಯುಪರ್ಟಿನೊ, ಪಾಲೊ ಆಲ್ಟೊ ಸುತ್ತ ಮನೆ ಹುಡುಕುವ ಕನ್ನಡಿಗರು, ಮಾರಾಟದ ಮನೆ ತೋರಿಸುವ ಯಾವುದಾದರೊಂದು ಓಪನ್ ಹೌಸ್‌ನಲ್ಲಿ ಐಕ್ಲರ್ ಮನೆಯೊಳಗೆ ಕಾಲಿಟ್ಟೇ ಇರುತ್ತಾರೆ. ರಸ್ತೆಯಿಂದ ನೋಡಿದರೆ ಗ್ಯಾರೇಜು, ಕಿಟಕಿಯೇ ಇಲ್ಲದ ಮರದ ಗೋಡೆ, ಒಂದು ಬಾಗಿಲು. ಒಳಗೆ ಹೋದರೆ ಹಿತ್ತಲಿನ ಬೇಲಿ ಕಾಣುವಷ್ಟು ಗಾಜು, ತಲೆಯ ಮೇಲೆ ತೊಲೆ ಮತ್ತು ಹಲಗೆ. ಗಂಡನಿಗೆ ಮನೆ ಹಿಡಿಸುತ್ತದೆ, ಹೆಂಡತಿಗೆ ಚಳಿಯಾಗುತ್ತದೆ. ಕೆಲವರ ಮನೆಯಲ್ಲಿ ಇದು ತಿರುಗುಮುರುಗು.

ಈ ಮನೆಗಳಿಗೆ ಹೆಸರು ಕೊಟ್ಟ ಜೋಸೆಫ್ ಐಕ್ಲರ್ ವಾಸ್ತುಶಿಲ್ಪಿಯಲ್ಲ, ಬಿಲ್ಡರ್. ಅಮೆರಿಕದ ಹೆಸರಾಂತ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ ವಿನ್ಯಾಸದ ಮನೆಯೊಂದರಲ್ಲಿ ಕೆಲಕಾಲ ಬಾಡಿಗೆಗಿದ್ದು ಆ ರುಚಿ ಹತ್ತಿಸಿಕೊಂಡವರು. ಆನ್‌ಶೆನ್ ಅಂಡ್ ಆಲೆನ್, ಜೋನ್ಸ್ ಅಂಡ್ ಎಮನ್ಸ್, ಕ್ಲಾಡ್ ಓಕ್‌ಲ್ಯಾಂಡ್ ಎಂಬ ವಾಸ್ತುಶಿಲ್ಪಿಗಳಿಂದ ನಕ್ಷೆ ಹಾಕಿಸಿ, 1940ರ ದಶಕದ ಕೊನೆಯಿಂದ ಎರಡು ದಶಕಕ್ಕೂ ಮೀರಿ ಕ್ಯಾಲಿಫೋರ್ನಿಯಾದಲ್ಲಿ ಸುಮಾರು 11,000 ಮನೆ ಕಟ್ಟಿಸಿದರು. ಬಣ್ಣ, ಧರ್ಮ ನೋಡದೆ ಕೊಳ್ಳಲು ಬಂದವರಿಗೆಲ್ಲ ಮಾರುತ್ತಿದ್ದರು. ಬಿಲ್ಡರ್‌ಗಳ ರಾಷ್ಟ್ರೀಯ ಸಂಘ ಆ ನೀತಿಯ ಬೆನ್ನಿಗೆ ನಿಲ್ಲಲಿಲ್ಲವೆಂದು 1958ರಲ್ಲಿ ಸಂಘದಿಂದಲೇ ಹೊರಬಂದರು. ನಮ್ಮಂಥವರು ಇಂದು ಆ ಬಡಾವಣೆಗಳಲ್ಲಿ ಮನೆ ನೋಡುವಾಗ ಇದು ನೆನಪಿನಲ್ಲಿರುವುದು ಒಳ್ಳೆಯದು. ಅಂದಹಾಗೆ, ಮಾರಾಟದ ಲಿಸ್ಟಿಂಗ್‌ನಲ್ಲಿ ಐಕ್ಲರ್ ಎಂದು ಬರೆದ ಮಾತ್ರಕ್ಕೆ ನಂಬಬೇಡಿ. ಸ್ಟೀವ್ ಜಾಬ್ಸ್ ಕೂಡ ತಾವು ಬೆಳೆದ ಮೌಂಟನ್ ವ್ಯೂ ಮನೆ ಐಕ್ಲರ್ ಎಂದೇ ತಿಳಿದಿದ್ದರು. ಅದು ಮಕೇ ಎಂಬ ಇನ್ನೊಬ್ಬ ಬಿಲ್ಡರ್ ಕಟ್ಟಿದ್ದು.

ಈ ಮನೆಗಳ ಬಗ್ಗೆ ತಿಳಿಯಬೇಕಾದ ಮೂಲ ಸಂಗತಿ ಒಂದೇ. ಇದಕ್ಕೆ ಅಟ್ಟವಿಲ್ಲ, ನೆಲದಡಿ ತೂರುವ ಜಾಗವೂ ಇಲ್ಲ. ಒಳಗಿನಿಂದ ಕಾಣುವ ಹಲಗೆಯ ಮೇಲೆ ನೇರವಾಗಿ ಛಾವಣಿ, ಕಾಲ ಕೆಳಗಿನ ಕಾಂಕ್ರೀಟ್ ಸ್ಲ್ಯಾಬ್‌ನ ಒಳಗೇ ಮನೆ ಬಿಸಿ ಮಾಡುವ ಕೊಳವೆ. ಬೇರೆ ಮನೆಯಲ್ಲಿ ವೈರು, ಗಾಳಿ ಸಾಗಿಸುವ ಡಕ್ಟು, ಪೈಪುಗಳನ್ನು ಅಟ್ಟಕ್ಕೋ ನೆಲದಡಿಗೋ ತಳ್ಳಿ ಮರೆತುಬಿಡಬಹುದು. ಇಲ್ಲಿ ಅವು ಹೋಗಬೇಕಾದರೆ ಛಾವಣಿಯ ಮೇಲೆ ಹೋಗಬೇಕು, ಇಲ್ಲವೇ ತೆಳು ಗೋಡೆಯೊಳಗೆ. ಹಾಗಾಗಿ ಹೀಟಿಂಗ್, ಛಾವಣಿ, ಗಾಜು, ಒಲೆ ಇವುಗಳಲ್ಲಿ ಯಾವುದನ್ನೂ ಒಂಟಿಯಾಗಿ ಆರಿಸಲಾಗದು. ಒಂದನ್ನು ಮುಟ್ಟಿದರೆ ಇನ್ನೊಂದರ ಲೆಕ್ಕ ಬದಲಾಗುತ್ತದೆ.

ನೆಲದ ಬಿಸಿ: ರಿಪೇರಿಯೋ, ಮಿನಿ ಸ್ಪ್ಲಿಟ್ಟೋ

ಬಾಯ್ಲರ್‌ನಲ್ಲಿ ಕಾದ ನೀರು ಸ್ಲ್ಯಾಬ್‌ನ ಕೊಳವೆಗಳಲ್ಲಿ ಸುತ್ತಿ ನೆಲವನ್ನೇ ಬೆಚ್ಚಗೆ ಮಾಡುತ್ತದೆ. ಜನವರಿಯ ಬೆಳಗ್ಗೆ ಬರಿಗಾಲಲ್ಲಿ ಓಡಾಡುವ ನಮ್ಮ ಜನಕ್ಕೆ ಇದಕ್ಕಿಂತ ಸುಖ ಬೇರೆ ಇಲ್ಲ. ಸದ್ದಿಲ್ಲ, ಧೂಳು ಹಾರುವುದಿಲ್ಲ. ಆದರೆ ಕೊಳವೆಗೆ ಅರವತ್ತು, ಎಪ್ಪತ್ತು ವರ್ಷ ವಯಸ್ಸಾಗಿದೆ. ಹೆಚ್ಚಿನವು ತಾಮ್ರ. ಕೊರಿಯಾ ಯುದ್ಧದ ಕಾಲದಲ್ಲಿ ತಾಮ್ರ ಸಿಗದೆ 1950ರ ದಶಕದ ಮೊದಲ ಭಾಗದ ಕೆಲವು ಮನೆಗಳಿಗೆ ಉಕ್ಕಿನ ಕೊಳವೆ ಹಾಕಿದ್ದಾರೆ. ಈ ವ್ಯತ್ಯಾಸವೇ ನಿಮ್ಮ ಅರ್ಧ ತೀರ್ಮಾನ.

ಮನೆ ಕೊಳ್ಳುವ ಮೊದಲೇ ಒಂದು ಪರೀಕ್ಷೆ ಮಾಡಿಸಿ. ಬಾಯ್ಲರ್ ಪಕ್ಕ, ಕಡಿಮೆಯಾದ ನೀರನ್ನು ತಾನೇ ತುಂಬಿಕೊಳ್ಳುವ ಒಂದು ವಾಲ್ವ್ ಇರುತ್ತದೆ. ಕೊಳವೆ ಎಲ್ಲೋ ಸೋರುತ್ತಿದ್ದರೂ ಇದು ಸದ್ದಿಲ್ಲದೆ ತುಂಬುತ್ತಲೇ ಇರುತ್ತದೆ, ಮನೆ ಬೆಚ್ಚಗೇ ಇರುತ್ತದೆ, ಮಾರುವವರಿಗೂ ಸೋರಿಕೆಯ ಸುಳಿವು ಇರುವುದಿಲ್ಲ. ವ್ಯವಸ್ಥೆ ತಣ್ಣಗಿದ್ದಾಗ ಆ ವಾಲ್ವ್ ಮುಚ್ಚಿ, ಪ್ರೆಶರ್ ಗೇಜಿನ ಮುಳ್ಳು ಎಲ್ಲಿದೆ ಎಂದು ಫೋಟೊ ತೆಗೆದಿಟ್ಟು, ಮರುದಿನ ಮತ್ತೆ ನೋಡಿ. ಮುಳ್ಳು ಇಳಿದಿದ್ದರೆ ನೀರು ಎಲ್ಲೋ ಹೋಗುತ್ತಿದೆ. ಸಾಮಾನ್ಯ ಹೋಮ್ ಇನ್‌ಸ್ಪೆಕ್ಟರ್ ಇದನ್ನು ಮಾಡುವುದು ಅಪರೂಪ. ನೆಲ ಬಿಸಿ ಮಾಡುವ ಈ ರೇಡಿಯಂಟ್ ಹೀಟಿಂಗ್ ಗೊತ್ತಿರುವವರನ್ನೇ ಕರೆಸಿ.

ತಾಮ್ರದ ಕೊಳವೆಯಲ್ಲಿ ಒಂದು ಕಡೆ ತೂತಾಗಿದ್ದರೆ ರಿಪೇರಿಯೇ ಸರಿ. ಬಿಸಿ ಎಲ್ಲಿದೆ ಎಂದು ತೋರಿಸುವ ಥರ್ಮಲ್ ಕ್ಯಾಮೆರಾ ಹಿಡಿದು ಜಾಗ ಪತ್ತೆ ಮಾಡಿ, ಅಲ್ಲಿ ಮಾತ್ರ ಕಾಂಕ್ರೀಟ್ ಒಡೆದು, ಬೆಸುಗೆ ಹಾಕಿ ಮುಚ್ಚುತ್ತಾರೆ. ಉಕ್ಕಿನದಾದರೆ ಮಾತು ಬೇರೆ. ಒಂದು ಕಡೆ ತುಕ್ಕು ತಿಂದಿದೆ ಎಂದರೆ ಉಳಿದ ಕಡೆಯೂ ತಿನ್ನುತ್ತಿದೆ ಎಂದೇ ಲೆಕ್ಕ. ಎರಡನೇ ಸೋರಿಕೆ ಬಂದ ಮೇಲೆ ಅದರ ಹಿಂದೆ ದುಡ್ಡು ಸುರಿಯುವುದನ್ನು ನಾನಂತೂ ಒಪ್ಪುವುದಿಲ್ಲ.

ಹಳೆಯ ಸ್ಲ್ಯಾಬ್ ಮೇಲೆ ಪೆಕ್ಸ್ ಎಂಬ ಹೊಸ ಪ್ಲಾಸ್ಟಿಕ್ ಕೊಳವೆ ಹಾಸಿ ತೆಳುವಾದ ಗಾರೆ ಸುರಿಯುವ ದಾರಿಯೂ ಇದೆ. ಕೇಳಲು ಚೆಂದ. ಆದರೆ ನೆಲ ಒಂದಿಂಚು, ಒಂದೂವರೆ ಇಂಚು ಏರುತ್ತದೆ. ಸ್ಲೈಡಿಂಗ್ ಬಾಗಿಲಿನ ಹಳಿ, ಒಳಬಾಗಿಲು, ಅಡುಗೆಮನೆಯ ಕಟ್ಟೆ ಎಲ್ಲವೂ ಆ ಏರಿಕೆಗೆ ಹೊಂದಬೇಕು. ಗಾಜಿನ ಬಾಗಿಲನ್ನೂ ಅಡುಗೆಮನೆಯನ್ನೂ ಹೇಗಿದ್ದರೂ ಕಿತ್ತುಹಾಕುವವರಿಗೆ ಮಾತ್ರ ಇದು ಲಾಭ. ಅದೇ ಬಾಯ್ಲರ್‌ನಿಂದ ಗೋಡೆಯ ಬುಡಕ್ಕೆ ಬಿಸಿನೀರು ಹರಿಯುವ ರೇಡಿಯೇಟರ್ ಜೋಡಿಸುವುದು ಅಗ್ಗ. ಆದರೆ ಅರ್ಧ ಮನೆ ಗಾಜಾದ ಮೇಲೆ ರೇಡಿಯೇಟರ್ ಕೂರಿಸಲು ಗೋಡೆ ಎಲ್ಲಿದೆ?

ಇನ್ನು ಮಿನಿ ಸ್ಪ್ಲಿಟ್ ಹೀಟ್ ಪಂಪ್, ಅಂದರೆ ಬಿಸಿಗಾಳಿಯನ್ನೂ ಕೊಡಬಲ್ಲ ಸ್ಪ್ಲಿಟ್ ಎಸಿ. ಡಕ್ಟ್ ಬೇಡ, ಬೇಸಿಗೆಯಲ್ಲಿ ತಂಪೂ ಸಿಗುತ್ತದೆ. ಈ ಕಡೆಯ ಸೆಪ್ಟೆಂಬರ್ ಸೆಕೆ ಕಂಡವರಿಗೆ ಎರಡನೆಯದೇ ಮುಖ್ಯ, ಏಕೆಂದರೆ ಐಕ್ಲರ್ ಮನೆಗಳು ಎಸಿ ಇಲ್ಲದೆ ಹುಟ್ಟಿದಂಥವು. ಪೈಪುಗಳು ಛಾವಣಿಯ ಮೇಲೆ ಹರಿದು ಗೋಡೆಯೊಳಗೆ ಇಳಿಯುತ್ತವೆ. ಕೋಣೆಗೊಂದು ಬಿಳಿ ಡಬ್ಬ ಗೋಡೆಯ ಮೇಲೆ ಕೂರುವುದು ಕಣ್ಣಿಗೆ ಹಿಡಿಸದಿದ್ದರೆ, ಕೋಣೆಗಳ ನಡುವಿನ ಓಣಿಯ (ಹಾಲ್‌ವೇ) ಮೇಲ್ಭಾಗದಲ್ಲಿ ಮಾತ್ರ ಸಣ್ಣ ಸುಳ್ಳು ಸೀಲಿಂಗ್ ಕಟ್ಟಿ, ತೆಳು ಡಕ್ಟ್ ಇರುವ ಮಾದರಿ ಅಡಗಿಸಿ ಎರಡೂ ಬದಿಯ ಬೆಡ್‌ರೂಮಿಗೆ ಗಾಳಿ ಬಿಡಬಹುದು.

ಆದರೆ ಒಂದೇ ಪದರದ ಹಳೆಯ ಸಿಂಗಲ್ ಪೇನ್ ಗಾಜು ಹಾಗೇ ಇಟ್ಟುಕೊಂಡು ನೆಲದ ಬಿಸಿ ನಿಲ್ಲಿಸಿ ಮಿನಿ ಸ್ಪ್ಲಿಟ್ ಹಾಕಿಸಿದರೆ, ಥರ್ಮೋಸ್ಟಾಟ್ 70 ಡಿಗ್ರಿ ಫ್ಯಾರನ್‌ಹೀಟ್ ತೋರಿಸುತ್ತಿದ್ದರೂ ಗಾಜಿನ ಪಕ್ಕದ ಸೋಫಾದಲ್ಲಿ ಕೂತವರಿಗೆ ಶಾಲು ಬೇಕಾಗುತ್ತದೆ. ತಣ್ಣನೆಯ ಗಾಜಿನಿಂದ ಇಳಿದು ಬರುವ ಗಾಳಿಗೆ ಬೆಚ್ಚನೆಯ ನೆಲ ಎದುರು ನಿಂತಿತ್ತು; ಬೆಚ್ಚನೆಯ ಗಾಳಿ ಹಾಗೆ ನಿಲ್ಲುವುದಿಲ್ಲ, ಮೇಲಕ್ಕೆ ಏರಿಬಿಡುತ್ತದೆ. ನನ್ನ ಆಯ್ಕೆ ಹೀಗಿದೆ: ಕೊಳವೆ ಚೆನ್ನಾಗಿದ್ದರೆ ಅದನ್ನು ಉಳಿಸಿಕೊಂಡು ಬೇಸಿಗೆಗೆಂದು ಒಂದೆರಡು ಮಿನಿ ಸ್ಪ್ಲಿಟ್ ಸೇರಿಸುವುದು. ಕೊಳವೆ ಹೋಗಿದ್ದರೆ ಮೊದಲು ಗಾಜು, ಆಮೇಲೆ ಮಿನಿ ಸ್ಪ್ಲಿಟ್. ಗಾಜು ಬದಲಾದ ಮೇಲೆ ಬೇಕಾಗುವ ಯಂತ್ರವೂ ಚಿಕ್ಕದು.

ಬಾಯ್ಲರ್ ಮಾತ್ರ ಕೆಟ್ಟು ಕೊಳವೆ ಗಟ್ಟಿಯಿದ್ದರೆ, ನೀರನ್ನೇ ಬಿಸಿ ಮಾಡುವ ಹೀಟ್ ಪಂಪ್ ಕಡೆಗೂ ನೋಡಿ. ಸ್ಲ್ಯಾಬ್‌ಗೆ ಕುದಿಯುವ ನೀರೇನೂ ಬೇಡ, ಹದವಾಗಿ ಬಿಸಿಯಾದ ನೀರು ಸಾಕು. ಹೀಟ್ ಪಂಪ್‌ಗೆ ಅದೇ ಸಲೀಸು. ಬೇ ಏರಿಯಾದ ವಾಯು ಗುಣಮಟ್ಟ ಮಂಡಳಿ 2023ರ ಮಾರ್ಚ್‌ನಲ್ಲಿ ಒಪ್ಪಿದ ನಿಯಮಗಳು ಗ್ಯಾಸ್ ವಾಟರ್ ಹೀಟರ್, ಮನೆ ಬಿಸಿ ಮಾಡುವ ಗ್ಯಾಸ್ ಫರ್ನೇಸ್‌ಗಳನ್ನು ಹಂತಹಂತವಾಗಿ ಮಾರುಕಟ್ಟೆಯಿಂದ ಹೊರಗಿಡುವ ದಿಕ್ಕಿನಲ್ಲಿವೆ. ಹೊಸ ಗ್ಯಾಸ್ ಬಾಯ್ಲರ್‌ಗೆ ದುಡ್ಡು ಹಾಕುವ ಮುನ್ನ ಆ ವೇಳಾಪಟ್ಟಿಯ ಈಗಿನ ಸ್ಥಿತಿ ನೋಡಿಕೊಳ್ಳಿ. ಹೀಟ್ ಪಂಪ್‌ಗೆ ಸಿಗುತ್ತಿದ್ದ ಫೆಡರಲ್ ತೆರಿಗೆ ರಿಯಾಯಿತಿ 2025ರ ಡಿಸೆಂಬರ್ 31ಕ್ಕೆ ಮುಗಿದಿದೆ. ಹಳೆಯ ಲೆಕ್ಕಾಚಾರ ತೋರಿಸುವ ಸೇಲ್ಸ್‌ನವರ ಮಾತಿಗೆ ಮರುಳಾಗಬೇಡಿ.

ಛಾವಣಿ: ಫೋಮ್, ಮೆಂಬ್ರೇನ್, ಹಳೆಯ ಡಾಂಬರು-ಜಲ್ಲಿ

ಛಾವಣಿ ಚಪ್ಪಟೆ, ಅಥವಾ ಇದೆಯೋ ಇಲ್ಲವೋ ಎನ್ನುವಷ್ಟು ಇಳಿಜಾರು. ಹಲಗೆಯ ದಪ್ಪ ಒಂದೂವರೆ ಇಂಚು. ಅದರ ಮೇಲೆ ಮೂಲದಲ್ಲಿ ಡಾಂಬರು ಮತ್ತು ಜಲ್ಲಿ, ಬಿಸಿ-ಚಳಿ ತಡೆಯುವ ಇನ್ಸುಲೇಷನ್ ಹೇಳಿಕೊಳ್ಳುವಷ್ಟು ಇಲ್ಲ. ಈ ತಡೆ ಶಕ್ತಿಯನ್ನು ಆರ್ ಅಂಕೆಯಲ್ಲಿ ಅಳೆಯುತ್ತಾರೆ, ಹೆಚ್ಚಿದ್ದಷ್ಟೂ ಒಳ್ಳೆಯದು; ಮರದ್ದು ಹೆಚ್ಚೆಂದರೆ ಆರ್-2 ಇರಬಹುದು. ಬೇಸಿಗೆಯ ಸಂಜೆ ಹಲಗೆ ಮುಟ್ಟಿ ನೋಡಿದರೆ ತಿಳಿಯುತ್ತದೆ.

ಸ್ಪ್ರೇ ಫೋಮ್ ಈ ಮನೆಗಳ ಹಳೆಯ ಒಡನಾಡಿ. ಒಂದಿಂಚಿಗೆ ಸುಮಾರು ಆರ್-6, ಜೋಡಣೆಯ ಸಂದು ಎಂಬುದೇ ಇಲ್ಲ, ನೀರು ನಿಲ್ಲುವ ತಗ್ಗನ್ನು ಫೋಮ್‌ನಲ್ಲೇ ಎತ್ತರಿಸಿ ಇಳಿಜಾರು ಕೊಡಬಹುದು. ವೈರಿನ ಕೊಳವೆಗಳನ್ನೂ ಅದರೊಳಗೇ ಹೂತುಬಿಡಬಹುದು. ತೊಂದರೆಯೂ ಅಷ್ಟೇ ಇದೆ. ಮೇಲಿನ ಲೇಪ ಸವೆದರೆ ಬಿಸಿಲು ಫೋಮ್ ತಿನ್ನುತ್ತದೆ, ಆದ್ದರಿಂದ ಹಲವು ವರ್ಷಕ್ಕೊಮ್ಮೆ ಮರುಲೇಪ ಹಚ್ಚಲೇಬೇಕು. ಕಾಗೆ, ಮರಕುಟಿಗ ಕುಕ್ಕಿ ತೂತು ಮಾಡುತ್ತವೆ. ಗಾಳಿ ಇರುವ ದಿನ ಸ್ಪ್ರೇ ಮಾಡಿದರೆ ಪಕ್ಕದವರ ಕಾರಿನ ಮೇಲೂ ಬೀಳುತ್ತದೆ. ಕೆಳಗಿನ ಹಲಗೆ ಕೊಳೆತರೆ ಅಂಟಿಕೊಂಡ ಫೋಮ್ ಕೆರೆದು ತೆಗೆಯುವುದು ದೊಡ್ಡ ರಗಳೆ.

ಪಾಲಿಐಸೊ ಎಂಬ ಗಟ್ಟಿ ಇನ್ಸುಲೇಷನ್ ಹಲಗೆ ಹಾಸಿ, ಅದರ ಮೇಲೆ ಪಿವಿಸಿ ಅಥವಾ ಟಿಪಿಒ ಪ್ಲಾಸ್ಟಿಕ್ ಹಾಳೆ, ಅಂದರೆ ಮೆಂಬ್ರೇನ್, ಹೊದಿಸಿ, ಸಂದುಗಳನ್ನು ಬಿಸಿಗಾಳಿಯಿಂದ ಬೆಸೆಯುವುದು ಇನ್ನೊಂದು ಬಗೆ. ಒಂದು ತುಂಡು ಕೆಟ್ಟರೆ ಆ ತುಂಡನ್ನೇ ಬಿಚ್ಚಬಹುದು. ಮರುಲೇಪದ ಕಾಟವಿಲ್ಲ. ಆದರೆ ಕೆಲಸ ಮಾಡುವವರ ಕೈ ಇಲ್ಲಿ ಮುಖ್ಯ. ಇನ್ಸುಲೇಷನ್ ಹಿಡಿಸಲು ಹಾಕುವ ಸ್ಕ್ರೂ ಹಲಗೆಯೊಳಗೆ ಒಂದಿಂಚು ಇಳಿಯಬೇಕು, ಎರಡಿಂಚು ಇಳಿಯಬಾರದು. ಇಳಿದರೆ ನಿಮ್ಮ ಲಿವಿಂಗ್ ರೂಮಿನ ಸೀಲಿಂಗ್‌ನಲ್ಲಿ ಸಾಲುಸಾಲಾಗಿ ಮೊಳೆಯ ಮೂತಿ. ಸಾಮಾನ್ಯ ಮನೆಗಳಿಗೆ ಛಾವಣಿ ಹಾಕುವ ತಂಡಕ್ಕೆ ಈ ಎಚ್ಚರ ಅಭ್ಯಾಸವಿರುವುದಿಲ್ಲ. ಅವರ ಮನೆಗಳಲ್ಲಿ ಕೆಳಗೆ ಅಟ್ಟ ಇರುತ್ತದೆ, ಮೊಳೆ ಹೊರಬಂದರೂ ಯಾರಿಗೂ ಕಾಣದು. ಕೊಟೇಶನ್ ಕೊಡಲು ಬಂದವರನ್ನು ಎಷ್ಟು ಉದ್ದದ ಸ್ಕ್ರೂ ಎಂದು ಕೇಳಿ. ಉತ್ತರಕ್ಕೆ ತಡವರಿಸಿದರೆ ಚಹಾ ಕೊಟ್ಟು ಕಳಿಸಿ.

ನನ್ನ ಓಟು ಮೆಂಬ್ರೇನ್‌ಗೆ. ಛಾವಣಿಯಲ್ಲಿ ಬಹಳ ತಗ್ಗುಗಳಿದ್ದು ನೀರು ನಿಲ್ಲುವ ಮನೆಗಾದರೆ ಫೋಮ್. ಡಾಂಬರು-ಜಲ್ಲಿಯನ್ನೇ ಮತ್ತೆ ಹಾಕಿಸಲು ಇಂದು ಅಗ್ಗ ಎಂಬುದೊಂದು ಬಿಟ್ಟು ಬೇರೆ ಕಾರಣ ನನಗೆ ಕಾಣದು.

ಯಾವುದನ್ನೇ ಆರಿಸಿ, ಛಾವಣಿಗೆ ಸಹಿ ಹಾಕುವ ಮೊದಲು ಮನೆಯ ಎಲ್ಲ ಆಸೆಗಳ ಪಟ್ಟಿ ಮುಗಿದಿರಬೇಕು. ಸೀಲಿಂಗ್ ಲೈಟ್ ಎಲ್ಲಿ, ಫ್ಯಾನ್ ಎಲ್ಲಿ, ಮಿನಿ ಸ್ಪ್ಲಿಟ್ ಪೈಪ್ ಯಾವ ದಾರಿ, ಅಡುಗೆಮನೆಯ ಹೊಗೆ ಎಳೆಯುವ ಹುಡ್ ಎಲ್ಲಿ ಹೊರಬರುತ್ತದೆ, ಛಾವಣಿಯಲ್ಲಿ ಬೆಳಕಿನ ಕಿಂಡಿ (ಸ್ಕೈಲೈಟ್) ಬೇಕೋ, ಸೋಲಾರ್ ಕಾಲುಗಳು ಎಲ್ಲಿ ನಿಲ್ಲುತ್ತವೆ. ಇವೆಲ್ಲಕ್ಕೂ ವೈರಿನ ಕೊಳವೆ ಹಲಗೆಯ ಮೇಲೆ, ಇನ್ಸುಲೇಷನ್‌ನ ಕೆಳಗೆ ಹೋಗುತ್ತದೆ. ಛಾವಣಿ ಮುಗಿದ ಮೇಲೆ ಊಟದ ಮೇಜಿನ ಮೇಲೊಂದು ದೀಪ ನೆನಪಾದರೆ ಹೊಸ ಛಾವಣಿ ಕೊಯ್ಯಬೇಕು. ಸೋಲಾರ್ ಬಗ್ಗೆ ಒಂದು ಮಾತು: ಪಿಜಿ ಅಂಡ್ ಇ ಎಂಬ ವಿದ್ಯುತ್ ಕಂಪನಿಯ ವ್ಯಾಪ್ತಿಯ ಸನ್ನಿವೇಲ್, ಕ್ಯುಪರ್ಟಿನೊಗಳಲ್ಲಿ 2023ರ ಏಪ್ರಿಲ್ 15ರಿಂದ ಈಚೆಗೆ ಅರ್ಜಿ ಹಾಕಿದವರಿಗೆ ಗ್ರಿಡ್‌ಗೆ ಕಳಿಸಿದ ಕರೆಂಟಿಗೆ ಸಿಗುವ ಬೆಲೆ ತೀರಾ ಇಳಿದಿದೆ. ಬ್ಯಾಟರಿ ಇಲ್ಲದೆ ಲೆಕ್ಕ ಕೂಡುವುದು ಕಷ್ಟ. ಪಾಲೊ ಆಲ್ಟೊಗೆ ಊರಿನದೇ ವಿದ್ಯುತ್ ಇಲಾಖೆ ಇರುವುದರಿಂದ ಅಲ್ಲಿನ ನಿಯಮ ಬೇರೆ.

ಛಾವಣಿಯವರು ಬಂದಾಗಲೇ ಹೊರಗೆ ಚಾಚಿದ ತೊಲೆಗಳ ತುದಿಯನ್ನೂ ನೋಡಿಸಿ. ಸ್ಕ್ರೂಡ್ರೈವರ್ ತುದಿಯಿಂದ ಒತ್ತಿ. ಗಟ್ಟಿ ಮರವಾದರೆ ಗೀರು ಮಾತ್ರ ಬೀಳುತ್ತದೆ, ಬಣ್ಣದ ಕೆಳಗೆ ಕೊಳೆತಿದ್ದರೆ ಸೀದಾ ಒಳಗೆ ಇಳಿಯುತ್ತದೆ. ಗಾಜಿನ ನಡುವೆ ನಿಂತ ಕಂಬಗಳ ಬುಡಕ್ಕೂ ಇದೇ ಪರೀಕ್ಷೆ, ಜೊತೆಗೆ ಗೆದ್ದಲಿನ ತಪಾಸಣೆ. ಮನೆಯ ಭಾರ ಹೊತ್ತಿರುವುದು ಇವೇ.

ಗಾಜು

ಗಾಜಿನಿಂದ ಬಿಸಿ ಎಷ್ಟು ಸೋರುತ್ತದೆ ಎಂಬುದರ ಅಳತೆ ಯೂ-ಫ್ಯಾಕ್ಟರ್. ಸಿಂಗಲ್ ಪೇನ್ ಗಾಜಿನದು 1ರ ಆಸುಪಾಸು, ಶಾಖ ತಡೆಯುವ ಲೇಪವಿರುವ (ಲೋ-ಇ) ಒಳ್ಳೆಯ ಎರಡು ಪದರದ ಡಬಲ್ ಪೇನಿನದು 0.30ರ ಆಸುಪಾಸು. ಅಂದರೆ ಒಂದೇ ಅಳತೆಯ ಗಾಜಿನಿಂದ ಮೂರು ಪಟ್ಟು ಬಿಸಿ ಸೋರಿಹೋಗುತ್ತಿದೆ. ಇನ್ನೂ ಮುಖ್ಯವಾದದ್ದು ಸುರಕ್ಷತೆ. ಆ ಕಾಲದ ದೊಡ್ಡ ಗಾಜುಗಳು ಹದಗೊಳಿಸಿದ ಸುರಕ್ಷಿತ ಗಾಜು (ಟೆಂಪರ್ಡ್) ಅಲ್ಲ. ಒಡೆದರೆ ಕತ್ತಿಯಂಥ ಚೂರುಗಳಾಗುತ್ತವೆ. ಗಾಜಿನ ಮೂಲೆಯಲ್ಲಿ ಉಗುರಿನಷ್ಟು ಸಣ್ಣ ಮಸುಕು ಮುದ್ರೆ ಕಂಡರೆ ಟೆಂಪರ್ಡ್, ಇಲ್ಲದಿದ್ದರೆ ಬಹುಮಟ್ಟಿಗೆ ಹಳೆಯದು. ಓಡಾಡುವ ಮಕ್ಕಳಿರುವ ಮನೆಯಲ್ಲಿ ಇದನ್ನು ಮುಂದೂಡಬಾರದು.

ದಾರಿ ಮೂರು. ಫಿಲ್ಮ್ ಅಂಟಿಸುವುದು ಬಿಸಿಲನ್ನು ತಡೆಯುತ್ತದೆ, ಚಳಿಯನ್ನು ತಡೆಯುವುದಿಲ್ಲ. ಎರಡು ವರ್ಷ ದೂಡಲು ಪರವಾಗಿಲ್ಲ. ಪ್ಲಾಸ್ಟಿಕ್ ಚೌಕಟ್ಟಿನ ವಿನೈಲ್ ಕಿಟಕಿ ಅಗ್ಗ, ಆದರೆ ಅದರ ದಪ್ಪ ಬಿಳಿ ಚೌಕಟ್ಟು ಈ ಮನೆಯ ತೆಳುಗೆರೆಗಳನ್ನು ನುಂಗಿಹಾಕುತ್ತದೆ. ಇಷ್ಟು ದುಡ್ಡು ಕೊಟ್ಟು ಐಕ್ಲರ್ ಕೊಂಡು ವಿನೈಲ್ ಹಾಕಿಸುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಮೂರನೆಯದು, ತೆರೆಯದ ದೊಡ್ಡ ಗಾಜುಗಳಿಗೆ ಈಗಿನ ಮರದ ಚೌಕಟ್ಟಿನಲ್ಲೇ ಪಟ್ಟಿ ಬಿಚ್ಚಿ ಡಬಲ್ ಪೇನ್ ಕೂರಿಸುವುದು, ಸರಿಯುವ ಬಾಗಿಲುಗಳಿಗೆ ಮಾತ್ರ ಒಳಗಿನ ಬಿಸಿ ಲೋಹದ ಮೂಲಕ ಹೊರಹೋಗದಂತೆ ತಡೆಪಟ್ಟಿ (ಥರ್ಮಲ್ ಬ್ರೇಕ್) ಇರುವ ತೆಳು ಅಲ್ಯುಮಿನಿಯಂ ಚೌಕಟ್ಟು. ನಾನು ಹೇಳುವುದು ಇದನ್ನೇ. ಡಬಲ್ ಗಾಜಿನ ತೂಕ ಎರಡರಷ್ಟು. ಕೆಳಗಿನ ಮರದ ಪಟ್ಟಿ ಕೊಳೆತಿದ್ದರೆ ಮೊದಲು ಅದನ್ನು ಬದಲಿಸಬೇಕು. ಪಶ್ಚಿಮದ ಗಾಜಿಗೆ ಬಿಸಿಲು ತಡೆಯುವ ಲೇಪ ಹೆಚ್ಚಿರಲಿ, ಉತ್ತರದ್ದು ಆದಷ್ಟು ತಿಳಿಯಾಗಿರಲಿ. ಎಲ್ಲ ಕಡೆಗೂ ಒಂದೇ ಗಾಜು ಆರ್ಡರ್ ಮಾಡುವುದು ಕಾಂಟ್ರಾಕ್ಟರ್‌ಗೆ ಸುಲಭ, ಅಷ್ಟೇ.

ಏಟ್ರಿಯಂ ಮುಚ್ಚಬೇಕೇ?

1950ರ ದಶಕದ ಕೊನೆಯಿಂದ ಬಂದ ಮಾದರಿಗಳಲ್ಲಿ ಮುಂಬಾಗಿಲು ದಾಟಿದರೆ ಆಕಾಶ ಕಾಣುವ ಅಂಗಳ, ಅದರ ಸುತ್ತ ಮನೆ. ಆ ಅಂಗಳವೇ ಏಟ್ರಿಯಂ. ಊರಿನಿಂದ ಬಂದ ಸ್ನೇಹಿತನ ತಾಯಿ ಮೊದಲ ಸಲ ಒಳಗೆ ಬಂದು ನಿಂತು, "ಇದೇನೋ, ಒಳಗೆ ಬಂದ್ರೆ ಮತ್ತೆ ಹೊರಗೇ ಬಂದಂಗಾಯ್ತಲ್ಲೋ! ನಮ್ಮ ತೊಟ್ಟಿಮನೆ ತರಾನೇ ಇದೆ" ಎಂದರಂತೆ. ಅವರು ಹೇಳಿದ್ದರಲ್ಲಿ ತಪ್ಪಿಲ್ಲ. ತುಳಸಿ ಕುಂಡ, ಚಪ್ಪಲಿ ಸ್ಟ್ಯಾಂಡ್, ಬಾಗಿಲ ರಂಗೋಲಿ ಮೂರಕ್ಕೂ ಜಾಗ ಇಲ್ಲೇ.

ಆದರೂ ಇದನ್ನು ಗಾಜಿನ ಮಾಡಿನಿಂದ ಮುಚ್ಚಿ ಕೋಣೆ ಮಾಡಿಕೊಳ್ಳುವ ಆಸೆ ಎಲ್ಲರಿಗೂ ಬರುತ್ತದೆ. ಚದರಡಿಗೆ ಇಷ್ಟು ಬೆಲೆ ಕೊಟ್ಟ ಮೇಲೆ ಬಯಲು ಬಿಡಲು ಮನಸ್ಸಾಗದು. ಮುಚ್ಚಿದರೆ ಮೂರು ಪೇಚು. ಬೇಸಿಗೆಯಲ್ಲಿ ಅದು ಬಿಸಿ ಹಿಡಿದಿಡುವ ಪೆಟ್ಟಿಗೆಯಾಗುತ್ತದೆ. ಸುತ್ತಲ ಕೋಣೆಗಳು ಗಾಳಿ ಕಳೆದುಕೊಳ್ಳುತ್ತವೆ. ಮೂರನೆಯದು ಎಲ್ಲಕ್ಕಿಂತ ಗಂಭೀರ: ಬೆಂಕಿ ಬಿದ್ದರೆ ಹೊರಗೆ ಜಿಗಿಯಲು ಬೆಡ್‌ರೂಮಿಗೆ ನೇರ ಬಯಲಿಗೆ ತೆರೆಯುವ ಕಿಟಕಿ ಇರಲೇಬೇಕು. ಏಟ್ರಿಯಂ ಕಡೆಗೆ ಮಾತ್ರ ಕಿಟಕಿಯಿರುವ ಬೆಡ್‌ರೂಮು ನಿಮ್ಮದಾದರೆ, ಮಾಡು ಹಾಕಿದ ಕ್ಷಣಕ್ಕೆ ಆ ಕಿಟಕಿ ಲೆಕ್ಕಕ್ಕಿಲ್ಲ. ಹಿಂದಿನ ಮಾಲೀಕರು ಪರ್ಮಿಟ್ ಇಲ್ಲದೆ ಮುಚ್ಚಿದ ಮನೆಗಳು ಮಾರಾಟಕ್ಕೆ ಬರುತ್ತವೆ. ಅಲ್ಲಿ ಆ ಚದರಡಿಗೆ ಬೆಲೆ ಕಟ್ಟಬೇಡಿ.

ಬೇಸಿಗೆಗೆ ಎಳೆದು ಮುಚ್ಚುವ ಬಟ್ಟೆಯ ನೆರಳು ಸಾಕು. ತೆರೆದೇ ಇಡುವವರು ನಡುವಿನ ಡ್ರೇನ್ ಮೇಲೆ ಕಣ್ಣಿಡಬೇಕು. ಅಂಗಳದ ನೆಲವೂ ಕೋಣೆಯ ನೆಲವೂ ಹೆಚ್ಚುಕಡಿಮೆ ಒಂದೇ ಮಟ್ಟ. ಎಲೆ ಕಟ್ಟಿಕೊಂಡು ಒಂದು ಜೋರು ಮಳೆ ಬಂದರೆ ನೀರು ಲಿವಿಂಗ್ ರೂಮಿಗೇ ಬರುತ್ತದೆ.

ಒಗ್ಗರಣೆಯ ಪ್ರಶ್ನೆ

ಅಡುಗೆಮನೆ ಮೂಲದಲ್ಲೇ ಊಟದ ಕೋಣೆಗೆ ತೆರೆದುಕೊಂಡಿದೆ. ಆ ಕಾಲದ ಅಮೆರಿಕದ ಅಡುಗೆಗೆ ಅದು ಸರಿ. ಬ್ಯಾಡಗಿ ಮೆಣಸಿನಕಾಯಿ ಹುರಿದು ಸಾರಿನ ಪುಡಿ ಮಾಡುವ ಮನೆಯಲ್ಲಿ ಘಾಟು ಸೀಲಿಂಗ್ ಹಲಗೆಯ ಸಂದಿಗೆ, ಮಹೋಗನಿ ಗೋಡೆಗೆ ಹತ್ತಿಕೊಳ್ಳುತ್ತದೆ. ಎಣ್ಣೆಯ ಜಿಡ್ಡು ಮರದಿಂದ ಸುಲಭಕ್ಕೆ ಹೋಗುವುದಿಲ್ಲ. ಗಾಳಿಯನ್ನು ಸೋಸಿ ಒಳಗೇ ಬಿಡುವ ಹುಡ್ ನಮ್ಮ ಅಡುಗೆಗೆ ಹಾಕಿದರೂ ಒಂದೇ, ಬಿಟ್ಟರೂ ಒಂದೇ. ಹೊಗೆ ಹೊರಗೆ ಹೋಗಲೇಬೇಕು.

ಫ್ಯಾಷನ್ ಪ್ರಕಾರ ಒಲೆಯನ್ನು ಅಡುಗೆಮನೆಯ ನಡುವೆ ನಿಲ್ಲುವ ಕಟ್ಟೆಗೆ (ಐಲ್ಯಾಂಡ್) ತಂದರೆ ಹುಡ್ ಸೀಲಿಂಗ್‌ನಿಂದ ಜೋತಾಡಬೇಕು, ಅದರ ಡಕ್ಟ್ ಹಲಗೆ ಕೊಯ್ದು ಮೇಲೆ ಹೋಗಬೇಕು. ಎತ್ತರದ ಹುಡ್‌ಗೆ ಘಾಟು ಸಿಗುವ ಮೊದಲೇ ಮನೆಗೆ ಹಬ್ಬಿರುತ್ತದೆ. ಒಲೆ ಹೊರಗೋಡೆಗೆ ಒರಗಿದ್ದರೆ ಡಕ್ಟ್ ಗೋಡೆ ತೂರಿ ಒಂದಡಿಯಲ್ಲಿ ಹೊರಗೆ. ಛಾವಣಿಗೆ ತೂತೇ ಬೇಡ. ಸಿಂಕ್ ಐಲ್ಯಾಂಡ್‌ಗೆ ಹೋಗಲಿ ಎನ್ನುತ್ತೀರಾ? ಡ್ರೇನ್ ಸ್ಲ್ಯಾಬ್‌ನಡಿ ಇದೆ, ಅದನ್ನು ಸರಿಸಲು ಕಾಂಕ್ರೀಟ್ ಕೊಯ್ಯಬೇಕು, ಕೊಯ್ಯುವ ಜಾಗದಲ್ಲೇ ಬಿಸಿನೀರಿನ ಕೊಳವೆ ಇರುತ್ತದೆ. ಸಿಂಕ್ ಇದ್ದಲ್ಲೇ ಇರಲಿ, ಒಲೆ ಬೇಕಾದರೆ ಸರಿಯಲಿ. ವಾಸ್ತು ನೋಡುವವರಿಗೂ ಇದು ಅನುಕೂಲ: ಇಂಡಕ್ಷನ್ ಒಲೆಗೆ ಬೇಕಾದದ್ದು 240 ವೋಲ್ಟ್ ವೈರು ಮಾತ್ರ, ಅದು ಪೂರ್ವದ ಗೋಡೆಗೆ ಬೇಕಾದರೂ ಬರುತ್ತದೆ.

ಇಂಡಕ್ಷನ್ನೋ ಗ್ಯಾಸೋ ಎಂಬ ಜಗಳ ಬಹುತೇಕ ಪಾತ್ರೆಗಳದ್ದು. ಕಬ್ಬಿಣದ ಕಾವಲಿಯಲ್ಲಿ ದೋಸೆ ಚೆನ್ನಾಗಿಯೇ ಏಳುತ್ತದೆ. ಗುಂಡು ತಳದ ಬಾಣಲೆ, ಹಿತ್ತಾಳೆ, ಅಲ್ಯುಮಿನಿಯಂ ನಡೆಯುವುದಿಲ್ಲ. ಹುರಿಯುವುದು, ಕರಿಯುವುದಕ್ಕೆಂದು ಕೆಲವರು ಗ್ಯಾರೇಜಿನಲ್ಲಿ ಗ್ಯಾಸ್ ಒಲೆ ಇಟ್ಟುಕೊಳ್ಳುತ್ತಾರೆ. ಕಾರ್ಬನ್ ಮಾನಾಕ್ಸೈಡ್ ಅಪಾಯ ಒಂದು, ಬೆಂಕಿಯ ಅಪಾಯ ಇನ್ನೊಂದು. ಈ ಮರದ ಮನೆಗಳು ಬೇಗ ಹತ್ತಿಕೊಳ್ಳುತ್ತವೆ. ಅದರ ಬದಲು ಹಿತ್ತಲಿನ ಸೂರಿನ ಕೆಳಗೆ ಒಂದು ಪ್ಲಗ್ ಪಾಯಿಂಟ್ ಹಾಕಿಸಿ ಪೋರ್ಟಬಲ್ ಇಂಡಕ್ಷನ್ ಇಟ್ಟುಕೊಳ್ಳಿ. ಹಬ್ಬದ ಕೋಡುಬಳೆಗೆ ಅದು ಸಾಕು. ಅಡುಗೆಮನೆಯನ್ನು ಗೋಡೆ ಹಾಕಿ ಮುಚ್ಚುವುದಕ್ಕಿಂತ ಸರಿಯುವ ಗಾಜಿನ ಬಾಗಿಲು ಒಳ್ಳೆಯದು, ಹುರಿಯುವಾಗ ಎಳೆದುಕೊಂಡರಾಯಿತು.

ಹೀಟ್ ಪಂಪ್, ಇಂಡಕ್ಷನ್, ಕಾರ್ ಚಾರ್ಜರ್ ಮೂರೂ ಸೇರಿದರೆ ಮನೆಯ ಹಳೆಯ ವಿದ್ಯುತ್ ಪ್ಯಾನೆಲ್ ತಾಳದು. 200 ಆ್ಯಂಪ್‌ಗೆ ಏರಿಸುವ ಮೊದಲು ನಿಜವಾದ ಲೋಡ್ ಲೆಕ್ಕ ಹಾಕಿಸಿ. ಕಾರ್ ಚಾರ್ಜರ್ ಮತ್ತು ಒಲೆ ಒಂದೇ ಹೊತ್ತಿಗೆ ಓಡದಂತೆ ನೋಡಿಕೊಳ್ಳುವ ಸಾಧನದಿಂದಲೇ ಕೆಲವು ಮನೆಗಳಲ್ಲಿ ಕೆಲಸ ಮುಗಿಯುತ್ತದೆ.

ನೆಲಹಾಸು, ಗೋಡೆ

ಕಾರ್ಪೆಟ್ ಕೆಳಗೆ 9 ಇಂಚಿನ ಚೌಕ ಟೈಲ್ ಕಂಡರೆ ಅದರಲ್ಲಿ ಶ್ವಾಸಕೋಶಕ್ಕೆ ಅಪಾಯಕಾರಿ ಆ್ಯಸ್‌ಬೆಸ್ಟಾಸ್ ಇದೆ ಎಂದೇ ಅಂದುಕೊಂಡು ಲ್ಯಾಬಿಗೆ ಕಳಿಸಿ; ಅದರಡಿಯ ಕಪ್ಪು ಗೋಂದಿನಲ್ಲೂ ಇರಬಹುದು. ಒಡೆಯದ ಟೈಲ್ ಮೇಲೆ ಬೇರೆ ನೆಲ ಹಾಸಿ ಮುಚ್ಚಿಬಿಡುವುದು ಅಗ್ಗ ಮತ್ತು ಸುರಕ್ಷಿತ. ಉಜ್ಜುವುದು, ಒಡೆಯುವುದು ಕೂಡದು. ಪಾಲಿಶ್ ಕಾಂಕ್ರೀಟ್ ನೆಲದ ಕನಸಿದ್ದರೆ ಉಜ್ಜದೆ ಆಗದು, ಆದ್ದರಿಂದ ಮೊದಲು ಲೈಸೆನ್ಸ್ ಇರುವವರಿಂದ ತೆಗೆಸಬೇಕು. ತೆಗೆಸಿದ ಮೇಲೂ ಹಳೆಯ ಸ್ಲ್ಯಾಬ್‌ನಲ್ಲಿ ತೇಪೆ, ಬಿರುಕು ಕಾಣುತ್ತವೆ. ಕೆಂಪು ಗಾರೆ ನೆಲದ ಮೇಲೆ ಬೆಳೆದವರಿಗೆ ಅವು ಅಂದವಾಗಿಯೇ ಕಾಣಬಹುದು.

ನೆಲದ ಬಿಸಿ ಉಳಿಸಿಕೊಂಡರೆ ಪೋರ್ಸಿಲಿನ್ ಟೈಲ್ ಬಿಸಿಯನ್ನು ಚೆನ್ನಾಗಿ ದಾಟಿಸುತ್ತದೆ. ಪದರಗಳನ್ನು ಅಂಟಿಸಿ ಮಾಡಿದ ಎಂಜಿನಿಯರ್ಡ್ ಮರವನ್ನು ಅಂಟಿಸಬಹುದು, ಮೊಳೆ ಹೊಡೆಯಬಾರದು. ಬಿಸಿ ನಿಲ್ಲಿಸಿದ ಮನೆಗೆ ಕಾರ್ಕ್ ಹಿತ, ಕಾಲಿಗೆ ತಣ್ಣಗಿರುವುದಿಲ್ಲ. ಕಾರ್ಪೆಟ್ ಅಂಚಿನ ಮೊಳೆಪಟ್ಟಿ ಹೊಡೆದು ಕೊಳವೆ ತೂತಾದ ಕತೆ ಈ ಬಡಾವಣೆಗಳಲ್ಲಿ ಎಲ್ಲರಿಗೂ ಗೊತ್ತು. ನೆಲಕ್ಕೆ ಡ್ರಿಲ್ ಹಿಡಿಯುವ ಮೊದಲು ಬಾಯ್ಲರ್ ಹಚ್ಚಿ ಥರ್ಮಲ್ ಕ್ಯಾಮೆರಾದಲ್ಲಿ ಕೊಳವೆಯ ನಕ್ಷೆ ತೆಗೆದಿಟ್ಟುಕೊಳ್ಳಿ.

ಗೋಡೆಯ ಮಹೋಗನಿ ಹಲಗೆ ಚೆನ್ನಾಗಿದ್ದರೆ ಒರೆಸಿ ಎಣ್ಣೆ ಹಚ್ಚಿ ಬಿಡಿ. ಆಗಲೇ ಬಣ್ಣ ಬಳಿದಿದ್ದರೆ ಕಿತ್ತು ಜಿಪ್ಸಂ ಹಲಗೆ (ಡ್ರೈವಾಲ್) ಹಾಕಲು ಹಿಂಜರಿಯಬೇಡಿ. ಕಿತ್ತಾಗ ಹೊರಗೋಡೆಗೆ ಇನ್ಸುಲೇಷನ್ ತುಂಬಿಸಿ, ವೈರ್ ಹೊಸದು ಮಾಡಿಸಿ. 1978ಕ್ಕಿಂತ ಹಿಂದಿನ ಬಣ್ಣದಲ್ಲಿ ಸೀಸ ಇರಬಹುದು ಎಂಬುದು ನೆನಪಿರಲಿ.

ಜಾಗ ಸಾಲದಾದಾಗ

ಅಪ್ಪ-ಅಮ್ಮ ಆರು ತಿಂಗಳು ಬಂದಿರುತ್ತಾರೆ, ಮಕ್ಕಳು ಬೆಳೆದಿದ್ದಾರೆ, ಮನೆ ಸಾಲದು. ಮೇಲೊಂದು ಮಹಡಿ ಎಬ್ಬಿಸುವ ಯೋಚನೆಯನ್ನು ಮೊದಲೇ ಬಿಡಿ. ಅಕ್ಕಪಕ್ಕದವರ ಗೋಡೆಗಳೂ ಗಾಜೇ. ನಿಮ್ಮ ಮಹಡಿಯ ಕಿಟಕಿಯಿಂದ ಅವರ ಊಟದ ಮೇಜು ಕಾಣುತ್ತದೆ. ಹಾಗಾಗಿಯೇ ಹಲವು ಐಕ್ಲರ್ ಬಡಾವಣೆಗಳು ಒಂದೇ ಮಹಡಿಯ ನಿಯಮ ತಂದುಕೊಂಡಿವೆ. ಸನ್ನಿವೇಲ್ 2009ರಲ್ಲೂ ಪಾಲೊ ಆಲ್ಟೊ 2018ರಲ್ಲೂ ಐಕ್ಲರ್‌ಗೆಂದೇ ವಿನ್ಯಾಸ ಸೂತ್ರಗಳನ್ನು ಒಪ್ಪಿವೆ. ಕ್ಯುಪರ್ಟಿನೊದ ಐಕ್ಲರ್ ಬಡಾವಣೆ ಫೇರ್‌ಗ್ರೋವ್‌ಗೆ ಪ್ರತ್ಯೇಕ ವಲಯ ನಿಯಮವಿದೆ. ಪಾಲೊ ಆಲ್ಟೊದ ಗ್ರೀನ್‌ಮೆಡೋ ಮತ್ತು ಗ್ರೀನ್ ಗೇಬಲ್ಸ್ ಬಡಾವಣೆಗಳು 2005ರಿಂದ ರಾಷ್ಟ್ರೀಯ ಐತಿಹಾಸಿಕ ಪಟ್ಟಿಯಲ್ಲಿವೆ.

ಗ್ಯಾರೇಜನ್ನು ಕೋಣೆ ಮಾಡುವುದು, ಹಿತ್ತಲಲ್ಲಿ ಬೇರೆ ಎಡಿಯು, ಅಂದರೆ ಅದೇ ನಿವೇಶನದಲ್ಲಿ ಎರಡನೆಯ ಪುಟ್ಟ ಮನೆ, ಕಟ್ಟುವುದು, ಇವೆರಡರಲ್ಲಿ ವಯಸ್ಸಾದವರಿಗೆ ಮೊದಲನೆಯದೇ ಮೇಲು. ಮೆಟ್ಟಿಲಿಲ್ಲ, ಮಳೆಯಲ್ಲಿ ಅಂಗಳ ದಾಟಬೇಕಿಲ್ಲ. ರಾಜ್ಯದ ಕಾನೂನು 500 ಚದರಡಿಯವರೆಗಿನ ಜೂನಿಯರ್ ಎಡಿಯುವನ್ನು ಮನೆಯೊಳಗೇ ಬಿಡುತ್ತದೆ. ಬಚ್ಚಲಿನ ಡ್ರೇನ್‌ಗೆ ಅಲ್ಲೂ ಸ್ಲ್ಯಾಬ್ ಕೊಯ್ಯಬೇಕು, ಆದರೆ ಗ್ಯಾರೇಜ್ ನೆಲದಲ್ಲಿ ಸಾಮಾನ್ಯವಾಗಿ ಬಿಸಿನೀರಿನ ಕೊಳವೆ ಇರುವುದಿಲ್ಲ. ಕೊಯ್ಯುವ ಮೊದಲು ಮುಖ್ಯ ಡ್ರೇನ್‌ನೊಳಗೆ ಕ್ಯಾಮೆರಾ ಬಿಟ್ಟು ನೋಡಿಸಿ, ಎರಕದ ಕಬ್ಬಿಣದ ಕೊಳವೆಯ ತಳ ಸವೆದಿದ್ದರೆ ಒಟ್ಟಿಗೇ ಬದಲಿಸಬಹುದು. ರಸ್ತೆ ಕಡೆಗೆ ಹಳೆಯ ಗ್ಯಾರೇಜ್ ಬಾಗಿಲಿನ ಸಾಲಿನಲ್ಲೇ ಮರದ ಪಟ್ಟಿಯ ಗೋಡೆ ನಿಲ್ಲಿಸಿದರೆ ಮುಖ ಕೆಡುವುದಿಲ್ಲ.

ಪೂರ್ತಿ ಕೆಡವಿ ಹೊಸದು ಕಟ್ಟುವವರೂ ಇದ್ದಾರೆ. ಸ್ಲ್ಯಾಬ್ ಸೀಳಿ ಕುಸಿದಿದ್ದರೆ, ತೊಲೆಗಳೇ ಹೋಗಿದ್ದರೆ ಬೇರೆ ದಾರಿಯಿಲ್ಲ. ಆಗ ರಾಜ್ಯದ ಆಸ್ತಿ ತೆರಿಗೆ ಕಾನೂನಾದ ಪ್ರಾಪ್ 13ರ ಲೆಕ್ಕವನ್ನೂ ಸೇರಿಸಿಕೊಳ್ಳಿ: ಬಹಳ ಹಿಂದೆ ಕೊಂಡವರಿಗೆ ಭೂಮಿಯ ಹಳೆಯ ತೆರಿಗೆ ಬೆಲೆ ಉಳಿಯುತ್ತದೆ, ಕಟ್ಟಡಕ್ಕೆ ಮಾತ್ರ ಇಂದಿನ ಬೆಲೆಯ ಮೇಲೆ ಹೊಸ ತೆರಿಗೆ ಬೀಳುತ್ತದೆ. ದುರಸ್ತಿಯೂ ಹೊಸ ಮನೆಗೆ ಸಮ ಎನ್ನುವಷ್ಟು ದೊಡ್ಡದಾದರೆ ಕೌಂಟಿಯವರು ಅದನ್ನೂ ಹಾಗೆಯೇ ಎಣಿಸಬಹುದು. ಕೆಲಸವನ್ನು ಯಾವ ಹಂತದಲ್ಲಿ, ಯಾವ ಪರ್ಮಿಟ್‌ನಲ್ಲಿ ಮಾಡಬೇಕೆಂದು ಆರ್ಕಿಟೆಕ್ಟ್ ಜೊತೆ ಕೂರುವ ದಿನವೇ ತೆರಿಗೆಗೆ ಆಸ್ತಿಯ ಬೆಲೆ ಕಟ್ಟುವ ಕೌಂಟಿಯ ಅಸೆಸರ್ ಕಚೇರಿಗೂ ಒಂದು ಫೋನ್ ಮಾಡಿ.